ಉಚ್ಚರಿಸದ ಅಕ್ಷರ

ಚಿತ್ರ ಆನ್ಸೆಲ್ಮ್‌ನದು. ಅಕ್ಷರ ನನ್ನದು.
ಲಿಯೇಜಿನಲ್ಲಿ, ಮ್ಯೂಸ್ ಹೊಳೆದಂಡೆಯ ಅಚ್ಚುಕೂಟದ ಮಾಳಿಗೆ,
ಕೆಳಗೆ ಯಂತ್ರ ತಿರುಗಿದರೆ
ಮೇಲೆ ಮಸಿಬಾಟಲಿ ನಡುಗುವ ಕೋಣೆ.
ಹದಿನಾಲ್ಕು ವರ್ಷ
ಅವನು ಬಿಡಿಸಿದವರ ಬಾಯಿಗೆ ಮಾತು ತುಂಬಿದೆ,
ಗುಳ್ಳೆಯ ಅಂಚಿಗೆ ತಾಗದ ಹಾಗೆ.

ಹೆಸರುಗಳೆಲ್ಲಿಂದ ಬಂದವು ಎಂದು ಈಗ ಕೇಳುತ್ತಾರೆ
ರೆಕಾರ್ಡರ್ ಹಿಡಿದ ಹುಡುಗರು.
ಎಲ್ಲಿಂದ ಬರುತ್ತವೆ? ಬೀದಿಯಿಂದ.
ಬಾಡಿಗೆ ಚೀಟಿಯಿಂದ, ಔಷಧದಂಗಡಿಯ ಫಲಕದಿಂದ,
ಸಾಲ ಕೊಟ್ಟವರು ಬಾಗಿಲು ಬಡಿಯುವುದರಿಂದ.

ಖಳ ಪಿರ್ನೇ, ಉಕ್ಕಿನ ಹಲ್ಲಿನವನು,
ನಮ್ಮ ಮನೆ ಮಾಲೀಕ ಮೊಸ್ಯೂ ಪಿರ್ನೇ.
(ಪಾಪ, ಹಲ್ಲು ಅವನವೇ.)
ಶನಿವಾರ ತಪ್ಪದೆ ಬರುತ್ತಿದ್ದ, ಟೋಪಿ ತೆಗೆಯದೆ
ಇದ್ದಿಲಿಲ್ಲದ ಒಲೆಗೆ ಕೈ ಚಾಚಿ ನಿಲ್ಲುತ್ತಿದ್ದ.
ಬೇಡ, ಕಂಡವರಿಗೆ ಹೆಸರಿಡಬೇಡ, ಎಂದೆ.
ಇಡುತ್ತಿಲ್ಲ, ಅವನದನ್ನೇ ತೆಗೆದುಕೊಳ್ಳುತ್ತಿದ್ದೇನೆ, ಎಂದ.

ಮೂರನೇ ಸಂಚಿಕೆಗೆ ಪಿರ್ನೇ ಮೆಟ್ಟಿಲು ಹತ್ತಿ ಬಂದ.
ಆನ್ಸೆಲ್ಮ್ ಮೇಜಿನಡಿ ಪೆನ್ಸಿಲ್ ಹುಡುಕತೊಡಗಿದ.
ಪಿರ್ನೇ ಅವತ್ತು ಟೋಪಿ ತೆಗೆದು ಕೇಳಿದ:
ಮುಂದಿನ ವಾರ ನಾನು ಸೇತುವೆ ಒಡೆಯುತ್ತೇನೆಯೇ?
ಮೊಮ್ಮಗ ಕೇಳುತ್ತಿದ್ದಾನೆ.
ಶಾಲೆಯಲ್ಲಿ ಈಗ ಯಾರೂ ಅವನ ತಂಟೆಗೆ ಬರುವುದಿಲ್ಲವಂತೆ.
ಹೋಗುವಾಗ ಹತ್ತು ಪ್ರತಿ ಕೊಂಡ.
ಬಾಡಿಗೆ ಮಾತ್ರ ಒಂದು ಫ್ರಾಂಕೂ ಇಳಿಸಲಿಲ್ಲ.

ನಾಯಕನ ಹೆಸರು ಹಾಗೆ ಬಂದದ್ದಲ್ಲ.
ಪೈಲಟ್ ಎವ್ರಾರ್.
ಆನ್ಸೆಲ್ಮ್‌ನ ಒಂದೇ ಬೆಂಚಿನ ಗೆಳೆಯ,
ಏಣಿಯ ಮೂರನೇ ಮೆಟ್ಟಿಲಿಗೇ ತಲೆ ಸುತ್ತುತ್ತಿತ್ತಂತೆ.
ನಲವತ್ತಮೂರರಲ್ಲಿ, ಕಾರ್ಖಾನೆ ಕೆಲಸಕ್ಕೆಂದು,
ಜರ್ಮನರು ರೈಲು ಹತ್ತಿಸಿದರು.
ಹೇಳಹೆಸರಿಲ್ಲದೆ ಹೋದ.

ಅವನ ತಾಯಿ ಮದಾಮ್ ಓರ್ತಾನ್ಸ್ ಪ್ರತಿ ಬುಧವಾರ
ಪತ್ರಿಕೆ ಅಂಗಡಿ ತಲುಪುವ ಮೊದಲೇ ನಮ್ಮಲ್ಲಿಗೆ ಬಂದು
ಮೀನಿನ ಚೀಲ ಬಾಗಿಲಲ್ಲೇ ಇಟ್ಟು:
ಈ ವಾರ ಇದ್ದಾನೆಯೇ?
ಇದ್ದಾನಮ್ಮ. ಮೋಡದ ಮೇಲಿದ್ದಾನೆ.
ಅಷ್ಟೆತ್ತರ ಬೇಡ, ಅವನಿಗಾಗುವುದಿಲ್ಲ,
ಸ್ವಲ್ಪ ಇಳಿಸಪ್ಪ.
ಆನ್ಸೆಲ್ಮ್ ರಬ್ಬರ್ ತೆಗೆದು
ಮುಂದಿನ ವಾರದ ವಿಮಾನವನ್ನು ಎರಡು ಬೆರಳು ಕೆಳಗಿಳಿಸಿದ.
ಅಂದಿನಿಂದ ಯಾವ ಪುಟವನ್ನೇ ನೋಡಿ,
ಎವ್ರಾರ್ ಚಿಮಣಿಗಳನ್ನು ಸವರಿಕೊಂಡೇ ಹಾರುತ್ತಾನೆ.
ಧೈರ್ಯ, ಎಂದು ಬರೆದಿದ್ದಾರೆ ಪಂಡಿತರು.

ಐವತ್ತೆಂಟರ ಚಳಿಗೆ ಆನ್ಸೆಲ್ಮ್‌ಗೆ ಸಾಕಾಯಿತು.
ಕೈನಡುಕ, ಹೊಸ ಸಂಪಾದಕ, ಹೆಂಡತಿಯ ಕೆಮ್ಮು.
ಕೊನೆಯ ಪುಟ ತಂದಿಟ್ಟ:
ಸಮುದ್ರ, ಹೊಗೆ, ತೇಲುವ ಒಂದು ಕೈಗವಸು.
ಮೂಲೆಯ ಚೌಕ ನನಗಾಗಿ ಖಾಲಿ.
'ಮುಗಿಯಿತು' ಅಂತ ಬರಿ, ಎಂದು ಕೋಟು ತೊಟ್ಟು ಹೊರಟ.

ಅಂದು ಮಂಗಳವಾರ.
ನಿಬ್ಬು ಅದ್ದಿದೆ. ಒಣಗಿತು. ಮತ್ತೆ ಅದ್ದಿದೆ.
'ಮುಂದುವರಿಯುವುದು' ಎಂದು ಬರೆದೆ.
ಚೌಕದಲ್ಲಿ ಹಿಡಿಸಲಿಲ್ಲ,
ಕೊನೆಯ ಅಕ್ಷರಗಳು ನೀರಿಗಿಳಿದವು.
ಆರು ಗಂಟೆಗೆ ಯಂತ್ರ ತಿರುಗಿತು.

ಎರಡು ವಾರ ಆನ್ಸೆಲ್ಮ್ ನನ್ನೊಡನೆ ಮಾತಾಡಲಿಲ್ಲ.
ಆಮೇಲೊಂದು ತೂತುಬಿದ್ದ ಮೀನುದೋಣಿ ಬಿಡಿಸಿ
ಎವ್ರಾರ್‌ನನ್ನು ಅದರೊಳಗೆ ಎತ್ತಿಹಾಕಿದ.
ದೋಣಿಯ ಮೂತಿಯ ಮೇಲೆ ತಾನೇ, ಕೆಟ್ಟ ಕೈಬರಹದಲ್ಲಿ,
'ಗಿಲೇನ್'.
ನನ್ನ ಹೆಸರು. ಆ ಪುಟದಲ್ಲಿ ನಾನು ಬರೆಯದ್ದು ಅದೊಂದೇ.

ಓರ್ತಾನ್ಸ್ ಅರವತ್ತೊಂದರಲ್ಲಿ ಹೋದಳು, ಒಂದು ಗುರುವಾರ,
ಆ ವಾರದ್ದನ್ನು ಓದಿಯೇ.

ಎವ್ರಾರ್. ನಮ್ಮ ಬರಹದಲ್ಲಿ
ಅದರ ಕೊನೆಗೆ ಇನ್ನೊಂದು ಅಕ್ಷರವಿದೆ.
ಯಾರೂ ಉಚ್ಚರಿಸುವುದಿಲ್ಲ.
ಬಿಟ್ಟು ಬರೆದರೆ ತಪ್ಪು.